ಹೊತ್ತು ಮೀರಿ ಬಂದ ಚಿತ್ರ

ಆ ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನನ್ನ ಸ್ವಂತ ಚಿಕ್ಕಪ್ಪನ ಮಗನಿಗೆ ಆದದ್ದು.

ಅವತ್ತು ಅಣ್ಣ ಬಾವಿ ಹತ್ತಿರ ಬರುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ. ಸಭಾಭವನದ ಹಿಂದಿನ ಓಣಿ. ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ, ಅಲ್ಲಿ ಯಾರೂ ನೀರು ಸೇದಲ್ಲ. ಹಲ್ಲು ಕಟಕಟ ಅನ್ನೋ ಚಳಿ. ಇರೋದು ಒಂದೇ ಬೀದಿದೀಪ, ಅದೂ ಹತ್ತಿ ಆರಿ, ಹತ್ತಿ ಆರಿ... ಅಣ್ಣನ ಹೆಗಲ ಮೇಲೆ ಸಾಮಾನಿನ ಚೀಲ. ಹೆಜ್ಜೆಗೊಂದು ಸಲ ಒಳಗಿನ ಮೊಳೆಗಳು ಕಿಣಿ ಕಿಣಿ. ಬಾಯಲ್ಲಿ ಬೈಗುಳ.

ಬೈಗುಳ ಯಾಕೆ ಅಂತೀರಾ? ಅದನ್ನ ಮೊದಲು ಹೇಳಬೇಕು.

ಅಣ್ಣನದು ಫೋಟೋಗೆ, ಚಿತ್ರಕ್ಕೆ ಫ್ರೇಮ್ ಹಾಕೋ ಕೆಲಸ. ನಮ್ಮೂರಿನ ಕಲಾಸಂಘ ಆ ಸಭಾಭವನದಲ್ಲಿ ವರ್ಷಕ್ಕೆ ಮೂರು ಪ್ರದರ್ಶನ ಮಾಡುತ್ತೆ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು. ನಡುನಡುವೆ ಹಳೇ ಪುಸ್ತಕದ ಮಾರಾಟ, ಮಕ್ಕಳಿಗೆ ಜೇಡಿಮಣ್ಣಿನ ಶಿಬಿರ, ಹಾಡಿನ ಸಂಜೆ, ಏನಾದ್ರೂ ಒಂದು. ಯಾವುದೇ ಇರಲಿ, ಮೊಳೆ ಹೊಡೆಯೋನು, ಬೋರ್ಡು ಕಟ್ಟೋನು ಇವನೇ. ಚಿತ್ರ ಒಂದು ಕೂದಲೆಳೆ ವಾಲಿದ್ರೂ ಅವತ್ತು ರಾತ್ರಿ ಅವನಿಗೆ ನಿದ್ದೆ ಇಲ್ಲ. ಗಾರೆ ಕೆಲಸದವರು ಗೋಡೆ ಮೇಲಿಟ್ಟು ನೋಡ್ತಾರಲ್ಲ, ರಸಮಟ್ಟ, ಅದು ಸದಾ ಜೇಬಲ್ಲಿ. ಹಾಗಾಗಿ ಊರಲ್ಲಿ ಅವನ ಹೆಸರೇ ರಸಮಟ್ಟ ಆಗಿಹೋಯ್ತು. ಸಿಟ್ಟು ಬಂದಾಗ ಅತ್ತಿಗೆ ಕೂಡ ಹಾಗೇ ಕರೀತಾರೆ.

ಮಾರನೇ ದಿನ ಚಳಿಗಾಲದ ಪ್ರದರ್ಶನದ ಉದ್ಘಾಟನೆ. ಅವತ್ತೊಂದೇ ದಿನ ನಾಲ್ಕು ಸಲ ಎಲ್ಲಾ ಚಿತ್ರ ಇಳಿಸಿ ಮತ್ತೆ ಏರಿಸಿದ್ದ. ಕಾರ್ಯದರ್ಶಿ ಬಂದು, "ಗಾತ್ರದ ಪ್ರಕಾರ ಹಾಕಪ್ಪ" ಅಂದ. ಹಾಕಿದ. ಅಧ್ಯಕ್ಷರ ಫೋನು, "ವಯಸ್ಸಿನ ಪ್ರಕಾರ ಇರಲಿ, ಹಿರಿಯರಿಗೆ ಬೇಜಾರಾಗಬಾರದು." ಇಳಿಸಿದ, ಹಾಕಿದ. ಎತ್ತು ಏರಿಗೆ, ಕೋಣ ನೀರಿಗೆ. ಮಧ್ಯಾಹ್ನ ಮುಖ್ಯ ಅತಿಥಿಯ ಭಾವಮೈದುನ ಬರೆದದ್ದು ಅಂತ ಏಳು ಅಡಿಯ ಕುದುರೆ ಬಂತು. ಕಾಲು ನಾಲ್ಕಿದೆಯೋ ಐದಿದೆಯೋ ಹೇಳೋಕಾಗದ ಕುದುರೆ. ಅದಕ್ಕೆ ನಡುಗೋಡೆ ಪೂರ್ತಿ ಖಾಲಿ ಮಾಡಿಸಿದ್ರು. ಸಂಜೆ ಭಾವಮೈದುನ ಬಂದವನೇ, "ಇಲ್ಲಿ ಬೇಡ, ಬಾಗಿಲ ಹತ್ತಿರ ಇದ್ರೆ ಬಂದೋರ ಕಣ್ಣಿಗೆ ಬೀಳುತ್ತೆ" ಅಂದ. ಮತ್ತೆ ಇಳಿಸು, ಮತ್ತೆ ಹೊರು. ನಡುಗೋಡೆ ಬಿಕೋ ಅಂತಾಯ್ತು.

"ಸಾರ್, ಅಲ್ಲಿ ಏನಾದ್ರೂ ಹಾಕೋಣ" ಅಂತ ಅಣ್ಣ ಕಾರ್ಯದರ್ಶಿಗೆ ಹೇಳಿದ.

"ಬೇಡ ಬಿಡಪ್ಪ. ಖಾಲಿ ಇರಲಿ. ಅತಿಥಿಗಳು ಅಲ್ಲಿ ನಿಂತು ಫೋಟೋ ತೆಗೆಸ್ಕೋತಾರೆ."

ಒಂಬತ್ತಕ್ಕೆ ಎಲ್ಲರೂ ಮನೆಗೆ. ಇವನೊಬ್ಬನೇ ಉಳಿದು ಮುಗಿಸಿ, ಬೀಗ ಹಾಕಿ ಹೊರಟಿದ್ದ. ಮಧ್ಯಾಹ್ನದಿಂದ ಹೊಟ್ಟೆಗೆ ಒಂದು ಲೋಟ ಚಹಾ ಕೂಡ ಬಿದ್ದಿರಲಿಲ್ಲ.

ಬಾವಿ ದಾಟಬೇಕು... ಆಗ ಕೇಳಿಸ್ತು.

ಫಡ್!

ನಿಂತ.

ಫಡ್!

ಒದ್ದೆ ಬೆಡ್‌ಶೀಟನ್ನ ಎರಡೂ ಕೈಲಿ ಹಿಡಿದು ಕೊಡವಿದ್ರೆ ಬರುತ್ತಲ್ಲ, ಅದೇ ಸದ್ದು. ಆ ಹೊತ್ತಿನಲ್ಲಿ, ಆ ಚಳಿಯಲ್ಲಿ ಬಟ್ಟೆ ಕೊಡವೋರು ಯಾರು? ದೀಪ ಆರಿತು. ಹತ್ತಿತು. ಬಾವಿಕಟ್ಟೆ ಪಕ್ಕ ಒಬ್ಬ ಹೆಂಗಸು ನಿಂತಿದ್ದಳು. ಎದೆಗೆ ಒಂದು ಹಲಗೆ ಒತ್ತಿ ಹಿಡಿದಿದ್ದಳು.

ಅಣ್ಣನಿಗೆ ಗುರುತು ಸಿಕ್ತು. ಆಸ್ಪತ್ರೆ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯೋ ಅಕ್ಕ.

ಈಕೆಯದ್ದೊಂದು ದೊಡ್ಡ ಕತೆ. ಆರು ವರ್ಷದಿಂದ, ಪ್ರತೀ ಪ್ರದರ್ಶನಕ್ಕೂ, ತಾನು ಬರೆದ ಒಂದೇ ಒಂದು ಚಿತ್ರ ಹಳೇ ಬೆಡ್‌ಶೀಟಲ್ಲಿ ಗಂಟು ಕಟ್ಟಿಕೊಂಡು ಬರ್ತಿದ್ದಳು. ಪ್ರತೀ ಸಲ ಒಂದಲ್ಲ ಒಂದು ಕೊಕ್ಕೆ. ಒಮ್ಮೆ ಅರ್ಜಿಗೆ ಸದಸ್ಯರ ಸಹಿ ಇಲ್ಲ. ಸಹಿ ಮಾಡಿಸಿಕೊಂಡು ಬಂದ್ರೆ ಫೋಟೋ ಇಲ್ಲ. ಫೋಟೋ ತಂದ್ರೆ ಚಿತ್ರ ಎರಡು ಇಂಚು ಜಾಸ್ತಿ. ಅಣ್ಣನೇ ಕೂತು ಎರಡು ಇಂಚು ಕೊಯ್ದು ಫ್ರೇಮ್ ಹಾಕಿಕೊಟ್ಟ. ಆ ಸಲ ಕಾರ್ಯದರ್ಶಿ, "ಮುಂದಿನ ಸಲ ಖಂಡಿತ ನೋಡೋಣಮ್ಮ" ಅಂತ ಮೂಗಿಗೆ ತುಪ್ಪ ಸವರಿ ಕಳಿಸಿದ.

ಅದಕ್ಕೆ ಹಿಂದಿನ ಮಳೆಗಾಲದಲ್ಲಿ, ಚಿತ್ರ ತಗೊಳ್ಳೋ ಕೊನೇ ದಿನ, ಸಂಜೆ ಐದಕ್ಕೆ ಬಾಗಿಲು ಮುಚ್ಚೋದು. ಐದೂ ಹತ್ತಕ್ಕೆ ಬಂದಳು. ಡ್ಯೂಟಿ ಮುಗಿಸಿ ಓಡಿ ಬಂದಿದ್ದಳು, ಏದುಸಿರು. ಕಾರ್ಯದರ್ಶಿ ಒಳಗಿಂದಲೇ ಕಣ್ಸನ್ನೆ ಮಾಡಿದ. ಬಾಗಿಲಲ್ಲಿ ನಿಂತಿದ್ದೋನು ಅಣ್ಣ.

"ಇವತ್ತು ಮುಗೀತಕ್ಕಾ. ನಾಳೆ ಬನ್ನಿ."

ನಾಳೆ ಬಂದ್ರೂ ತಗೊಳ್ಳಲ್ಲ ಅಂತ ಅವನಿಗೂ ಗೊತ್ತಿತ್ತು. ಆದರೂ ಅಂದ. ಆಕೆ ತಲೆ ಆಡಿಸಿ ಹೋದಳು. ಮಾರನೇ ದಿನ ಬರಲಿಲ್ಲ.

ಈಗ ಬಾವಿ ಹತ್ತಿರ ಆಕೆ ಬಾಯಿ ಬಿಟ್ಟಳು. ಪಿಸುದನಿ.

"ತಮ್ಮಾ... ನಾಳೆ ಬಾ ಅಂದಿದ್ಯಲ್ಲ. ಬಂದಿದ್ದೀನಿ."

"ಅಕ್ಕಾ, ಎಷ್ಟು ಹೊತ್ತಾಗಿದೆ ನೋಡಿ..."

"ಹೊತ್ತು ಮೀರಿತಾ? ಮತ್ತೆ?"

ಆ 'ಮತ್ತೆ' ಅನ್ನೋ ಮಾತು ಇವನಿಗೆ ಮುಳ್ಳಿನ ಹಾಗೆ ಚುಚ್ಚಿತಂತೆ. ಹೆದರಿಕೆ ಆಗಲಿಲ್ವಾ ಅಂತ ನಾನು ಕೇಳಿದ್ದೀನಿ. ಇಲ್ವಂತೆ. ಬಂದಿದ್ದು ಸಿಟ್ಟು. ಐದು ಕಾಲಿನ ಕುದುರೆಗೆ ಏಳು ಅಡಿ ಜಾಗ, ಇವಳಿಗೆ ಎರಡು ಅಡಿ ಇಲ್ವಾ ಅಂತ.

"ಬನ್ನಿ ನನ್ನ ಜೊತೆ" ಅಂದ.

ವಾಪಸ್ ಹೋದ್ರು. ಬೀಗ, ಕಟಕ್. ಬಾಗಿಲು, ಕಿರ್ರ್... ಆ ಬಾಗಿಲು ಬೆರಳು ತಾಗಿದ್ರೂ ಕಿರ್ರ್ ಅನ್ನುತ್ತೆ, ಅದು ನೆನಪಿರಲಿ. ದೊಡ್ಡ ದೀಪ ಹಾಕಿದ್ರೆ ರಸ್ತೆಗೆ ಕಾಣುತ್ತೆ ಅಂತ ಟಾರ್ಚ್ ಹಚ್ಚಿದ. ತಿರುಗಿ ನೋಡ್ತಾನೆ, ಆಕೆ ಹೊಸ್ತಿಲ ಆಚೆಯೇ ನಿಂತಿದ್ದಾಳೆ.

"ಯಾಕಕ್ಕಾ?"

"ಒಳಗೆ ಬರಬಹುದಾ? ಯಾವತ್ತೂ ಯಾರೂ ಕರೆದಿಲ್ಲ."

"ಬನ್ನಿ ಅಕ್ಕಾ. ನಾನು ಕರೀತಿದ್ದೀನಿ."

ಬಂದಳು. ಚಪ್ಪಲಿ ಸದ್ದಿಲ್ಲ. ಹಲಗೆಯನ್ನ ಅವನ ಕೈಗೆ ಕೊಟ್ಟಳು. ಟಾರ್ಚ್ ಬೆಳಕಲ್ಲಿ ಅಣ್ಣ ಆ ಚಿತ್ರವನ್ನ ಮೊದಲ ಸಲ ಸರಿಯಾಗಿ ನೋಡಿದ. ಫ್ರೇಮ್ ಹಾಕುವಾಗಲೂ ಅಳತೆ ನೋಡಿದ್ದೇ ಹೊರತು ಚಿತ್ರ ನೋಡಿರಲಿಲ್ಲವಂತೆ. ಆಸ್ಪತ್ರೆ ಹಿತ್ತಲು. ಹಗ್ಗದ ಮೇಲೆ ಬೆಡ್‌ಶೀಟುಗಳು, ಸಾಲು ಸಾಲು. ಎಲ್ಲಾ ಬಿಳಿ. ಆದರೆ ಒಂದು ಬಿಳಿಯ ಹಾಗೆ ಇನ್ನೊಂದಿಲ್ಲ. ಒಂದಕ್ಕೆ ಗಾಳಿ ತುಂಬಿ ಬಸುರಿ ಹೊಟ್ಟೆ ಆಗಿದೆ. ಇನ್ನೊಂದರ ಮೂಲೆಯಲ್ಲಿ, ಎಷ್ಟು ಉಜ್ಜಿದ್ರೂ ಹೋಗದ ಒಂದು ಕಂದು ಕಲೆ.

ನಡುಗೋಡೆಗೆ ಮೊಳೆ ಇಟ್ಟ. ಟಕ್. ಟಕ್. ಟಕ್. ಚಿತ್ರ ತೂಗುಹಾಕಿದ. ರಸಮಟ್ಟ ಜೇಬಿಂದ ತೆಗೀಬೇಕು, ಅಷ್ಟರಲ್ಲಿ ಹಿಂದಿನಿಂದ ಪಿಸುದನಿ.

"ಎಡಗಡೆ ಒಂದು ನೂಲು ಮೇಲೆ..."

ಇಟ್ಟು ನೋಡಿದ. ನಿಜ. ಒಂದೇ ಒಂದು ನೂಲು. ಸರಿಮಾಡಿದ.

"ಈಗ ಸರಿಯಾಯ್ತಾ ಅಕ್ಕಾ?"

ತಿರುಗಿದ. ಯಾರೂ ಇಲ್ಲ. ಬಾಗಿಲು ಮುಚ್ಚಿಕೊಂಡಿತ್ತು... ಕಿರ್ರ್ ಅಂದಿರಲಿಲ್ಲ.

ನಾಚಿಕೊಂಡು ಹೋಗಿರಬೇಕು ಅಂತ ತನಗೆ ತಾನೇ ಹೇಳಿಕೊಂಡ. ಮನೆಗೆ ಬಂದ. ಅತ್ತಿಗೆ ಊಟ ಬಡಿಸಿ, "ಇಷ್ಟು ಹೊತ್ತು ಎಲ್ಲಿದ್ರಿ?" ಅಂದ್ರೆ, "ಒಂದು ಚಿತ್ರ ಬಾಕಿ ಇತ್ತು" ಅಂದನಂತೆ. ಅಷ್ಟೇ.

ಬೆಳಗ್ಗೆ ಹತ್ತಕ್ಕೆ ಉದ್ಘಾಟನೆ. ಒಂಬತ್ತೂವರೆಗೆ ಕಾರ್ಯದರ್ಶಿಯ ಕಿರುಚಾಟ.

"ಯಾವನೋ ಇದನ್ನ ಇಲ್ಲಿ ಹಾಕಿದ್ದು? ನಂಬರಿಲ್ಲ, ಅರ್ಜಿಯಿಲ್ಲ! ಏ ರಸಮಟ್ಟ, ಮೊದಲು ಇಳಿಸು."

ಹನ್ನೆರಡು ವರ್ಷದಲ್ಲಿ ಆ ಮನುಷ್ಯನಿಗೆ ಅಣ್ಣ ಎದುರು ಮಾತಾಡಿದವನಲ್ಲ. ಅವತ್ತು ಕೈಕಟ್ಟಿ ನಿಂತ.

"ನಾನು ಇಳಿಸಲ್ಲ ಸಾರ್. ಬೇಕಾದ್ರೆ ನೀವೇ ಇಳಿಸಿ."

ಕಾರ್ಯದರ್ಶಿ ಹಲ್ಲು ಕಡಿದು, ಮುಂದೆ ಬಂದು ಫ್ರೇಮಿಗೆ ಕೈ ಹಾಕಿದ. ಹಾಕಿದವನು ಥಟ್ಟನೆ ಹಿಂದಕ್ಕೆ ಎಳೆದುಕೊಂಡ.

"ಥೂ, ಒದ್ದೆ ಇದೆಯಲ್ರೀ!"

ಅಂಗೈಯಿಂದ ನೀರು ತೊಟ್... ತೊಟ್... ನೆಲದ ಮೇಲೆ. ಸೋಪಿನ ವಾಸನೆ. ಅಧ್ಯಕ್ಷರು ಮುಟ್ಟಿ ನೋಡಿದ್ರು, ಒಣಗಿತ್ತು. ಅಣ್ಣ ಮುಟ್ಟಿದ, ಒಣಗಿತ್ತು. ಕಾರ್ಯದರ್ಶಿ ಮತ್ತೊಂದು ಸಲ ಮುಟ್ಟಲಿಲ್ಲ. ಕೋಟಿಗೆ ಕೈ ಒರೆಸಿಕೊಳ್ತಾ ನಿಂತ. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಧಡ್ ಅಂತು. ಮುಖ್ಯ ಅತಿಥಿ ಬಂದೇಬಿಟ್ರು.

ಆ ಹಿರಿಯರು ಕುದುರೆ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ನೇರ ನಡುಗೋಡೆ ಮುಂದೆ ಹೋಗಿ ನಿಂತ್ರು. ಎಷ್ಟು ಹೊತ್ತು ಅಂದ್ರೆ, ಹಿಂದೆ ಹೂಗುಚ್ಛ ಹಿಡಿದೋರ ಕೈ ಸೋತುಹೋಯ್ತು. ಆಮೇಲೆ ಕೇಳಿದ್ರು, "ಇದು ಯಾರದ್ದು?"

ಈಗ ಕೇಳಿ, ನನಗೆ ಇವತ್ತಿಗೂ ಮೈ ಉರಿಯೋದು ಇದಕ್ಕೇ. ಆ ಕಾರ್ಯದರ್ಶಿ ಇಷ್ಟಗಲ ನಕ್ಕು, "ನಮ್ಮೂರಿನವರದ್ದೇ ಸಾರ್! ಆಸ್ಪತ್ರೆಯಲ್ಲಿ ಬಟ್ಟೆ ಒಗೆಯೋ ಹೆಣ್ಣುಮಗಳು. ನಮ್ಮ ಸಂಘವೇ ಗುರುತಿಸಿ, ಬೆಳೆಸಿದ ಪ್ರತಿಭೆ" ಅಂದ! ಚಪ್ಪಾಳೆ. ಅಣ್ಣನ ಕೈಯಲ್ಲಿ ಸುತ್ತಿಗೆ ಇತ್ತು. ಅದನ್ನ ಚೀಲಕ್ಕೆ ಹಾಕಿ ಕೈ ಬೆನ್ನ ಹಿಂದೆ ಕಟ್ಟಿಕೊಂಡನಂತೆ. ಇಲ್ಲದಿದ್ರೆ ಅವತ್ತು ಏನಾಗ್ತಿತ್ತೋ.

ಚಪ್ಪಾಳೆ ನಿಂತ ಮೇಲೆ ಜನರ ಹಿಂದಿನಿಂದ ಒಬ್ಬ ಹುಡುಗಿ ಬಂದಳು. ಆಸ್ಪತ್ರೆ ಸಮವಸ್ತ್ರ. ದಾರೀಲಿ ಹೋಗ್ತಿದ್ದವಳು ತೆರೆದ ಬಾಗಿಲಿಂದ ಕಂಡು ಒಳಗೆ ಬಂದಿದ್ದಳು. ಮುಖ ಬಿಳಿಚಿತ್ತು.

"ಅಣ್ಣಾ, ಇದು ನಮ್ಮಮ್ಮನ ಚಿತ್ರ. ಇಲ್ಲಿಗೆ ಹೇಗೆ ಬಂತು?"

"ಅಮ್ಮನೇ ತಂದುಕೊಟ್ರಲ್ಲಮ್ಮ. ನಿನ್ನೆ ರಾತ್ರಿ."

"ಅಣ್ಣಾ... ಅಮ್ಮ ತೀರಿಕೊಂಡು ನಾಲ್ಕು ತಿಂಗಳಾಯ್ತು. ಇಲ್ಲಿಂದ ವಾಪಸ್ ಬಂದಳಲ್ಲ, ಮಳೆಗಾಲದಲ್ಲಿ, ಅವತ್ತೇ ರಾತ್ರಿ. ಎದೆನೋವು ಅಂದಳು. ಬೆಳಗಾಗಲಿಲ್ಲ."

ಅಣ್ಣ ಗೋಡೆ ಮೇಲಿನ ಚಿತ್ರದ ಕಡೆ ಕೈ ತೋರಿಸಿದ.

"ಚಿತ್ರ ಮನೇಲಿ ಬೀರು ಮೇಲಿದೆ" ಅಂದಳು ಹುಡುಗಿ. "ಅವಳು ಕಟ್ಟಿದ ಗಂಟನ್ನ ನಾನು ಬಿಚ್ಚಿಯೇ ಇಲ್ಲ. ಬಿಚ್ಚೋಕೆ ಮನಸ್ಸು ಬರಲಿಲ್ಲ."

ಇಬ್ಬರೂ ಮನೆಗೆ ಓಡಿದ್ರು. ಎರಡು ಕೋಣೆಯ ಮನೆ. ಬೀರು ಮೇಲೆ ಬೆಡ್‌ಶೀಟಿನ ಗಂಟು ಇತ್ತು. ನಾಲ್ಕೂ ಮೂಲೆ ಚೂಪಾಗಿ, ಒಳಗೆ ಹಲಗೆ ಇದ್ದ ಹಾಗೇ. ಎರಡು ಗಂಟು, ಬಿಗಿಯಾಗಿ. ಹುಡುಗಿ ಕೆಳಗಿಳಿಸೋಕೆ ಕೈ ಹಾಕಿದಳು... ಬಟ್ಟೆ ಕೈಯಲ್ಲೇ ಕುಸೀತು. ಒಳಗೆ ಏನೂ ಇರಲಿಲ್ಲ. ಗಂಟು ಮಾತ್ರ ಹಾಗೇ ಇತ್ತು. ಅವಳು ಉಗುರಿಂದ ಬಿಡಿಸೋಕೆ ಹತ್ತು ನಿಮಿಷ ಬೇಕಾಯ್ತು.

ಆಮೇಲೆ ಏನಾಯ್ತು ಅಂತ ಕೇಳ್ತೀರಿ. ಏನೂ ಆಗಲಿಲ್ಲ. ಅದೇ ಬೇಜಾರು. ಪೇಪರಿನಲ್ಲಿ ಕಾರ್ಯದರ್ಶಿಯ ಫೋಟೋ ಬಂತು, ಚಿತ್ರದ ಪಕ್ಕ ನಿಂತು, ಮುಟ್ಟದೆ. ಅಣ್ಣ ಸಭೆಗೆ ಹೋಗಿ, "ಐದು ಗಂಟೆ ಅನ್ನೋದನ್ನ ಎಂಟು ಮಾಡಿ, ದುಡಿಯೋ ಜನ ಬರ್ತಾರೆ, ಆ ಸಹಿ ಗಿಹಿ ಬಿಡಿ" ಅಂತ ಕೇಳಿದ. "ಪರಿಶೀಲಿಸೋಣ" ಅಂದ್ರು. ಬೇಸಿಗೆಯಲ್ಲೂ ಐದೇ. ಮಳೆಗಾಲದಲ್ಲೂ ಐದೇ. ಅಣ್ಣ ಬೀಗದಕೈ ಮೇಜಿನ ಮೇಲಿಟ್ಟು ಬಂದವನು ಮತ್ತೆ ಆ ಕಡೆ ಕಾಲಿಟ್ಟಿಲ್ಲ. "ಬದುಕಿದ್ದಾಗ ನಾನೇ ಬಾಗಿಲಿಗೆ ಅಡ್ಡ ನಿಂತೆ, ಸತ್ತ ಮೇಲೆ ಗೋಡೆ ಕೊಟ್ಟೆ. ಅದೂ ಒಂದು ದೊಡ್ಡಸ್ತಿಕೆನಾ?" ಅಂತಾನೆ. ಕುಡಿದು ಹೇಳೋ ಮಾತಲ್ಲ. ಅವನು ಕುಡಿಯೋದೇ ಇಲ್ಲ.

ಚಿತ್ರ ಈಗ ಮಗಳ ಮನೇಲಿದೆ. ಹೋದ ತಿಂಗಳು ಅಣ್ಣನ ಜೊತೆ ನಾನೂ ಹೋಗಿದ್ದೆ. ನಂಬಿಕೆ ಇಟ್ಟುಕೊಂಡು ಹೋದವನಲ್ಲ ನಾನು. ಒಳಕೋಣೆ ಗೋಡೆ, ಬಿಸಿಲು ಬೀಳದ ಜಾಗ, ಸಂಜೆ ಏಳು ಗಂಟೆ. ಚಿತ್ರದ ಮುಂದೆ ಕೈ ಇಟ್ಟೆ, ತಣ್ಣಗಿತ್ತು. ಹುಡುಗಿ ಅಂದಳು, "ಹಿಂದೆ ಮುಟ್ಟಿ ನೋಡಿ."

ಫ್ರೇಮಿನ ಹಿಂದೆ ಕೈ ಹಾಕಿದೆ.

ಆಗಷ್ಟೇ ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆಯ ಹಾಗೆ ಬೆಚ್ಚಗಿತ್ತು.

ನೀವು ಏನು ಬೇಕಾದ್ರೂ ಅನ್ನಿ. ಇದೇ ಕೈ... ಈ ಬಲಗೈ.