ಒಳಗಿಂದ ಬಿದ್ದ ಪೆಟ್ಟು

ದೀಪ ಸ್ವಲ್ಪ ಸಣ್ಣ ಮಾಡಿ. ಇದು ಯಾರೋ ಕಟ್ಟಿದ ಕತೆ ಅಲ್ಲ, ನನ್ನ ದೊಡ್ಡಮ್ಮನ ಮಗ ವಗ್ದಿಗೆ ಆದದ್ದು. ಇಲ್ಲೇ, ನಮ್ಮ ಪೋರ್ಟ್ ಸೈದ್‌ನಲ್ಲೇ. ನಗೋರು ಈಗಲೇ ನಕ್ಕು ಮುಗಿಸಿ… ನಡುವೆ ಕಿಸಕ್ ಅಂದ್ರೆ ನಾನು ಎದ್ದು ಹೋಗ್ತೀನಿ.

ಆವತ್ತು ವಗ್ದಿ ರಾತ್ರಿ ಹನ್ನೆರಡರ ದೋಣಿಗೆ ಕಾಲುವೆ ದಾಟಿ ಬಂದ. ಕಂಕುಳಲ್ಲಿ ಉಪ್ಪುಕಾಗದದ ಸುರುಳಿ, ಕೈಯಲ್ಲಿ ಪ್ರೈಮರ್ ಡಬ್ಬಿ. ದೋಣಿಕಟ್ಟೆಯಿಂದ ಅವನ ಮನೆಗೆ ಹೋಗೋ ದಾರೀಲಿ ದೊಡ್ಡ ಆಲದ ಮರ ಇದೆಯಲ್ಲ, ಬಿಳಲು ಕತ್ತರಿಸಿ ಕತ್ತರಿಸಿ ಬೋಳು ಮಾಡಿರೋದು… ಅದರ ಕೆಳಗೆ ಬಂದಾಗ ಸದ್ದು ಕೇಳಿಸಿತು. ತಗಡಿನ ಸದ್ದು.

ಟಕ್ ಟಕ್… ಟಕ್.

ಕಾಲು ನಿಂತುಬಿಟ್ಟವು. ಸದ್ದು ಬರ್ತಿದ್ದದ್ದು ಅವನ ಮನೆ ಕೆಳಗಿನ ಷೆಡ್ಡಿಂದ. ಎರಡು ಒತ್ತಿಗೆ, ಒಂದು ತಡೆದು. ಅವನ ತಮ್ಮ ಇಸ್ಮತ್ ಬಾಗಿಲು ಬಡೀತಿದ್ದದ್ದೇ ಹಾಗೆ. ಬೀದಿಗೆಲ್ಲ ಗೊತ್ತಿದ್ದ ಬಡಿತ ಅದು. ಇಸ್ಮತ್ ಸತ್ತು ಮೂವತ್ತೈದು ವರ್ಷ ಆಗಿತ್ತು. ಸತ್ತಿದ್ದಾನೆ ಅಂತ ಗೊತ್ತಿದ್ದದ್ದು ಮಾತ್ರ ವಗ್ದಿ ಒಬ್ಬನಿಗೇ.

ಹೇಳಿಬಿಡ್ತೀನಿ, ಇನ್ನು ಮುಚ್ಚಿಟ್ಟು ಏನಾಗಬೇಕು.

ಆ ಕಾಲದಲ್ಲಿ ನಮ್ಮೂರೊಳಗೆ ಫಾರಿನ್ ಮಾಲಿಗೆ ಸುಂಕ ಇರಲಿಲ್ಲ, ಅದಕ್ಕೇ ಊರು ಬಿಟ್ಟು ಹೊರಗೆ ಹೋಗೋರೆಲ್ಲ ಸುಂಕದ ಗೇಟು ದಾಟಬೇಕಿತ್ತು. ಇಸ್ಮತ್ ಸೈನ್ಯದಿಂದ ಓಡಿಬಂದ ಹುಡುಗ, ಗೇಟಿನಲ್ಲಿ ಅವನ ಹೆಸರು ಬರೆದಿಟ್ಟಿದ್ದರು. ಇರಾಕಿಗೆ ಹೋಗಿ ದುಡಿದುಕೊಂಡು ತಿಂತೀನಿ, ಗೇಟು ದಾಟಿಸಿ ಬಿಡಣ್ಣ ಅಂದ. ಅವನದೇ ಕಾರು, ಹಸಿರು ಫಿಯಟ್. ಅದರ ಡಿಕ್ಕಿಯಲ್ಲಿ ಅವನನ್ನ ಮಲಗಿಸಿ, ಬೀಗ ತಿರುಗಿಸಿ, ವಗ್ದಿ ಓಡಿಸಿಕೊಂಡು ಹೊರಟ. ಆಗಸ್ಟ್ ತಿಂಗಳು. ಬಕ್ರೀದಿನ ಹಿಂದಿನ ದಿನ. ಗೇಟಿನ ಮುಂದೆ ಕಾರುಗಳ ಸಾಲು ಇರುವೆ ಸಾಲು. ಅರ್ಧ ಗಂಟೆಗೆ ಒಳಗಿಂದ ಬಡಿತ ಶುರುವಾಯಿತು. ಸಾಲು ಬಿಟ್ಟು ಪಕ್ಕಕ್ಕೆ ಹಾಕಿ ಒಂದು ಸಲ ತೆಗೆದಿದ್ದರೆ ಆಗಿತ್ತು. ಆದರೆ ಇಸ್ಮತ್‌ನ ಬೆನ್ನ ಕೆಳಗೆ ವಗ್ದಿ ತನ್ನ ನಾಲ್ಕು ಥಾನು ಫಾರಿನ್ ಬಟ್ಟೆ ಹಾಸಿದ್ದ, ಸುಂಕ ತಪ್ಪಿಸಿ ಮಾರೋದಕ್ಕೆ. ಯಾರಾದರೂ ನೋಡಿಬಿಟ್ಟರೆ? ತೆಗೆಯಲಿಲ್ಲ. ಕ್ಯಾಸೆಟ್ ಜೋರು ಮಾಡಿದ. ಬಡಿತ ನಿಂತಾಗ ಅವನಿಗೆ ನೆಮ್ಮದಿ ಆಯಿತಂತೆ, ಕೇಳಿ! ಸದ್ಯ, ಸುಮ್ಮನಾದ ಅಂತ.

ಗೇಟು ದಾಟಿ ತೆಗೆದಾಗ… ಬೇಡ ಬಿಡಿ. ಆ ರಾತ್ರಿಯೇ ಊರಾಚೆಯ ಸರೋವರದ ಕೆಸರಲ್ಲಿ ಹೂತು ಬಂದ. ತಾಯಿಗೆ, "ಇಸ್ಮತ್ ಇರಾಕಿಗೆ ಹೊರಟನಮ್ಮ" ಅಂದ.

ದೊಡ್ಡಮ್ಮ ಇನ್ಶಿರಾಗೆ ಓದು ಬರಹ ಬರದು. ತಿಂಗಳಿಗೊಂದು ಸಲ ವಗ್ದಿ ಅವಳ ಮುಂದೆ ಕೂತು ಇಸ್ಮತ್‌ನ ಕಾಗದ ಓದೋನು. "ಅಮ್ಮಾ, ನಿನ್ನ ಕೈಯ ಮೀನು ನೆನಪಾಗುತ್ತೆ ಅಂತ ಬರೆದಿದ್ದಾನೆ." ಕೈಯಲ್ಲಿ ಹಿಡಿದಿರ್ತಿದ್ದದ್ದು ಕರೆಂಟ್ ಬಿಲ್ಲು. ಅವಳು ಆ ಬಿಲ್ಲಿಗೆ ಮುತ್ತಿಟ್ಟು ದಿಂಬಿನ ಕೆಳಗೆ ಇಟ್ಟುಕೊಳ್ಳೋಳು. ಇಂಥ ಮಗನನ್ನ ಹೆತ್ತ ಹೊಟ್ಟೆಗೆ ಏನನ್ನಬೇಕು?

ಕಾರು ಮಾರೋಕೆ ಅವಳು ಬಿಡಲೇ ಇಲ್ಲ. ಈಗ ಅವಳಿಗೆ ತೊಂಬತ್ತು, ಕಣ್ಣು ಪೂರ್ತಿ ಮಂಜು. ರಂಜಾನ್ ಮುಗಿದ ಮೇಲೆ ಒಂದು ಬೆಳಗ್ಗೆ ಕೂಗಿದಳು: "ವಗ್ದೀ, ಇಸ್ಮತ್ ಬಂದ ಹಾಗೆ ಕನಸು ಬಿತ್ತು ಕಣೋ. ಅವನ ಕಾರು ತುಕ್ಕು ತಿಂದು ಬಿದ್ದಿರೋದು ಅವನ ಕಣ್ಣಿಗೆ ಬೀಳಬಾರದು. ಬಕ್ರೀದಿನೊಳಗೆ ಬಣ್ಣ ಹೊಡಿ. ಅದೇ ಹಸಿರು."

ಗ್ಯಾರೇಜಿಗೆ ಕೊಟ್ಟರೆ ಇನ್ನೊಬ್ಬರ ಕೈ ಆ ಡಿಕ್ಕಿಯೊಳಗೆ ಹೋಗುತ್ತಲ್ಲ. ಅದಕ್ಕೇ ವಗ್ದಿ ಮನೆಯಲ್ಲೇ ಶುರುಹಚ್ಚಿಕೊಂಡ. ಬಂಪರ್ ಬಿಚ್ಚಿದ, ಹಿಡಿಕೆ ಬಿಚ್ಚಿದ, ಡಿಕ್ಕಿಯ ಬೀಗ, ಕೊಂಡಿ, ಸ್ಕ್ರೂ ಎಲ್ಲ ಬಿಚ್ಚಿ ಒಂದು ಬಿಸ್ಕತ್ ಡಬ್ಬಿಗೆ ಹಾಕಿ, ಬಾಯಿಗೆ ಟೇಪು ಸುತ್ತಿಟ್ಟ. ಹಳೇ ಬಣ್ಣ ಸರ್ ಸರ್ ಅಂತ ಕೆರೆದು, ತಗಡು ಬೆತ್ತಲೆ ಮಾಡಿದ. ಎಲ್ಲ ಸರಿಯಾಗೇ ನಡೆದಿತ್ತು, ಆ ರಾತ್ರಿ ಆ ಬಡಿತ ಕೇಳೋವರೆಗೆ.

ಓಡಿಬಂದು ಷೆಡ್ಡಿನ ಬಾಗಿಲು ತೆಗೆದ. ಯಾರೂ ಇಲ್ಲ. ಡಿಕ್ಕಿ ಖಾಲಿ.

ಬೆಳಗ್ಗೆ ಬಣ್ಣದ ಹಸನೇನ್ ಬಂದ. ಮುದುಕ, ನಲವತ್ತು ವರ್ಷ ಕಾರಿಗೆ ಬಣ್ಣ ಹೊಡೆದವನು. ಬಣ್ಣ ಚಿಮ್ಮಿಸೋ ಗಾಳಿ ಯಂತ್ರ ಅವನದು, ಕೆಲಸ ನೋಡದೆ ಯಾರಿಗೂ ಕೊಡೋನಲ್ಲ.

"ಏನಪ್ಪಾ ವಗ್ದಿ, ಅಜ್ಜಿಗೆ ಮದುವಣಗಿತ್ತಿ ಸಿಂಗಾರವೋ?" ಅಂತ ಕಿಚಾಯಿಸಿಕೊಂಡೇ ಕಣ್ಣು ಮುಚ್ಚಿ, ತಗಡಿನ ಮೇಲೆ ಅಂಗೈ ಆಡಿಸುತ್ತಾ ಸುತ್ತು ಬಂದ. "ಕಣ್ಣು ಮೋಸ ಮಾಡುತ್ತೆ, ಅಂಗೈ ಮಾಡಲ್ಲ." ಡಿಕ್ಕಿಯ ಮುಚ್ಚಳದ ಮೇಲೆ ಅವನ ಕೈ ನಿಂತಿತು. ನಗುವೂ ನಿಂತಿತು.

"ಇಲ್ಲಿ ಮೂರು ಉಬ್ಬು ಇದೆ. ಎರಡು ಒತ್ತಿಗೆ, ಒಂದು ಆಚೆ."

"ನೆಗ್ಗಿರಬೇಕು ಚಾಚಾ."

"ನೆಗ್ಗಾದ್ರೆ ತಗ್ಗಾಗುತ್ತೆ ಕಣಯ್ಯ. ಇದು ಹೊರಗಿಂದ ಬಿದ್ದ ಪೆಟ್ಟಲ್ಲ… ಒಳಗಿಂದ ಬಿದ್ದದ್ದು."

"ಜಾಕಿ ಹಾರಿ ತಾಗಿರುತ್ತೆ."

ಹಸನೇನ್ ಅವನ ಮುಖ ನೋಡಿದ. ಉಬ್ಬು ತಟ್ಟಿ ಮಟ್ಟ ಮಾಡಿಡು ಅಂದು ಹೊರಟ.

ವಗ್ದಿ ಒಳಗಡೆ ಕಬ್ಬಿಣದ ಗಟ್ಟಿ ಒತ್ತಿಹಿಡಿದು ಹೊರಗಿಂದ ಸುತ್ತಿಗೆ ಹಾಕಿದ. ಠಣ್, ಠಣ್, ಠಣ್. ಮೂರೂ ಮಟ್ಟಸ. ಮರುದಿನ ಬೆಳಗ್ಗೆ ಮುಟ್ಟಿದರೆ ಮೂರೂ ಎದ್ದಿದ್ದವು. ಮತ್ತೆ ಬಡಿದ, ಮತ್ತೆ ಎದ್ದವು. ಮೂರನೇ ದಿನ ರೇಗಿಹೋಗಿ ಮುಚ್ಚಳದ ತುಂಬ ಬೆರಳು ದಪ್ಪ ಪುಟ್ಟಿ ಮೆತ್ತಿಬಿಟ್ಟ. ಉಬ್ಬು ಮುಳುಗಲಿ ಅಂತ! ಕೆಲಸ ಬಲ್ಲೋರು ಯಾರೂ ಹಾಗೆ ಮಾಡಲ್ಲ. ಉಜ್ಜಿ, ಪ್ರೈಮರ್ ಹೊಡೆದು, ನುಣ್ಣಗೆ ಮಾಡಿ, ಎದೆ ಮೇಲಿನ ಭಾರ ಇಳಿಯಿತು ಅಂದುಕೊಂಡ.

ಬಕ್ರೀದಿನ ಹಿಂದಿನ ರಾತ್ರಿ. ಬೆಳಗ್ಗೆ ಹಸನೇನ್ ಬಂದು ಹಸಿರು ಹೊಡೆಯೋದು. ದೊಡ್ಡಮ್ಮ ಗೋಡೆ ಹಿಡಿದುಕೊಂಡು ತಾನಾಗೇ ಷೆಡ್ಡಿಗೆ ಇಳಿದು ಬಂದಳು. "ಕಾರು ಮುಟ್ಟಬೇಕು" ಅಂದಳು. ಬಾನೆಟ್ಟು ಸವರಿದಳು, ಬಾಗಿಲು ಸವರಿದಳು, ಹಾಗೇ ಹಿಂದಕ್ಕೆ ಬಂದಳು. ವಗ್ದಿ ಉಸಿರು ಹಿಡಿದು ನೋಡ್ತಿದ್ದ. ಅವಳ ಅಂಗೈ ಡಿಕ್ಕಿಯ ಮೇಲೆ ಬಂತು… ಚಿರ್ ಅಂತ ಪುಟ್ಟಿ ಬಿರುಕು ಬಿಟ್ಟಿತು. ಮೂರು ಕಡೆ. ಆಮೇಲೆ, ಅವಳ ಕೈಯ ಕೆಳಗಿಂದಲೇ…

ಟಕ್ ಟಕ್… ಟಕ್.

ಅವಳು ಬೆಚ್ಚಲಿಲ್ಲ. ಪಿಸುಗುಟ್ಟಿ ಕೇಳಿದಳು, "ಒಳಗೆ ಯಾರೋ?"

"ಯಾರೂ ಇಲ್ಲಮ್ಮ. ಬಿಸಿಲಿಗೆ ಕಾದ ತಗಡು ರಾತ್ರಿ ತಣ್ಣಗಾದಾಗ ಹೀಗೇ ಸದ್ದು ಮಾಡುತ್ತೆ."

"ಹಾಗಾದ್ರೆ ನೀನು ಒಳಗೆ ಹೋಗಿ ಬಡಿ. ನಾನು ಹೊರಗಿಂದ ಕೇಳ್ತೀನಿ. ತಗಡಿನ ಸದ್ದೋ, ಕೈಯ ಸದ್ದೋ, ನನಗೆ ಗೊತ್ತಾಗುತ್ತೆ."

ವಗ್ದಿ ಯೋಚನೆ ಮಾಡಿದ. ಬೀಗವೂ ಇಲ್ಲ, ಕೊಂಡಿಯೂ ಇಲ್ಲ, ಏನು ಭಯ? ಬೀಗ ಇದ್ದ ಜಾಗದಲ್ಲಿ ಎರಡು ಬೆರಳಗಲದ ತೂತು ಬೇರೆ ಇದೆ. ಒಂದು ನಿಮಿಷದಲ್ಲಿ ಮುದುಕಿಯ ಅನುಮಾನ ತೀರಿಹೋಗುತ್ತೆ. ಹತ್ತಿ ಮುದುಡಿ ಮಲಗಿದ. ಮುಚ್ಚಳ ಇಳಿಯಿತು. ಧಬ್.

ಒಳಗಿಂದ ಒಂದು ಸಲ ಬಡಿದ. "ಕೇಳಿಸ್ತೇನಮ್ಮ?" ಮುಚ್ಚಳ ತಳ್ಳಿದ. ಏಳಲಿಲ್ಲ. ಭುಜ ಕೊಟ್ಟು ತಳ್ಳಿದ. ಊಹೂಂ. ಮೇಲೆ ಯಾರೋ ಸರಿದು ಕೂತ ಹಾಗೆ ತಗಡು ಕಟಕ್ ಅಂತ ಬಗ್ಗಿತು. "ಅಮ್ಮಾ, ಏಳು, ಮೇಲೆ ಕೂರಬೇಡ!" ಅಂತ ಕೂಗಿ ತೂತಿಗೆ ಕಣ್ಣಿಟ್ಟ.

ದೊಡ್ಡಮ್ಮ ನಾಲ್ಕು ಹೆಜ್ಜೆ ಆಚೆ, ಕುರ್ಚಿಯಲ್ಲಿ ಕೂತಿದ್ದಳು. ಎರಡೂ ಕೈ ಮಡಿಲಲ್ಲಿ.

ಆಗ ಅವನ ತಲೆಯ ಮೇಲೆ, ಹೊರಗಿಂದ, ಟಕ್ ಟಕ್… ಟಕ್.

ಅವಳು ಎದ್ದು ಬಂದು ತೂತಿನ ಹತ್ತಿರ ಬಾಯಿ ತಂದಳು. "ನನ್ನ ಮಗು ಎಷ್ಟು ಹೊತ್ತು ಬಡೀತು?"

ವಗ್ದಿ ಅತ್ತ. ಮೂವತ್ತೈದು ವರ್ಷದ ಸುಳ್ಳು ಒಂದೇ ಉಸಿರಿಗೆ ಹೊರಗೆ ಬಿತ್ತು. "ಎರಡು ಗಂಟೆ… ಎರಡೂವರೆ ಇರಬಹುದು ಅಮ್ಮಾ."

"ನೀನೇನು ಮಾಡ್ದೆ?"

"ಕ್ಯಾಸೆಟ್… ಜೋರು ಮಾಡ್ದೆ."

ಅವಳು ತೂತು ಬಿಟ್ಟು ಹಿಂದೆ ಸರಿದಳು. ಆಮೇಲೆ ತಡಕಾಡಿಕೊಂಡು ಹೋಗಿ, ಕಿಟಕಿಯಲ್ಲಿದ್ದ ರೇಡಿಯೋ ಹಚ್ಚಿ, ಗುಂಡಿಯನ್ನ ಕೊನೆಯವರೆಗೆ ತಿರುಗಿಸಿದಳು.

ಬೆಳಗ್ಗೆ ನಮಾಜು ಮುಗಿಸಿ ಹಸನೇನ್ ಬಂದಾಗ ರೇಡಿಯೋ ಇನ್ನೂ ಅರಚ್ತಾ ಇತ್ತು. ಮುದುಕಿ ಕುರ್ಚಿಯಲ್ಲೇ ಇದ್ದಳು. ಡಿಕ್ಕಿಯೊಳಗೆ ಏನೋ ಕೆರೆಯೋ ಸದ್ದು. ಹಸನೇನ್ ಒಂದೇ ಬೆರಳು ಹಾಕಿ ಮುಚ್ಚಳ ಎತ್ತಿದ, ಹಗುರಾಗಿ ಬಂತು. ಒಳಗೆ ವಗ್ದಿ. ಜೀವ ಇತ್ತು. ಬೆರಳ ಗೆಣ್ಣೆಲ್ಲ ಒಡೆದು ಮೂಳೆ ಕಾಣ್ತಿತ್ತು, ಬಾಯಲ್ಲಿ ಮಾತಿಲ್ಲ.

"ಯಾ ಅಲ್ಲಾ! ಇವನು ಬಡೀತಿದ್ದದ್ದು ನಿಮಗೆ ಕೇಳಿಸಲಿಲ್ಲವೇನಮ್ಮ?"

"ರೇಡಿಯೋ ಜೋರಾಗಿತ್ತಪ್ಪ," ಅಂದಳು ದೊಡ್ಡಮ್ಮ. "ನಿಂತೇ ಇದ್ದೀಯಲ್ಲ, ಹಬ್ಬ ಬಂತು. ಬಣ್ಣ ಹೊಡಿ."

ಇದನ್ನ ವಗ್ದಿ ನನಗೆ ಹೇಳಿದ್ದು ಆರು ತಿಂಗಳಾದ ಮೇಲೆ, ಮಾತು ತಿರುಗಿ ಬಂದಾಗ. ಒಂದು ಸಲ ಹೇಳಿದ, ಮತ್ತೆ ಆ ಸುದ್ದಿ ಎತ್ತಲಿಲ್ಲ. ತೊಂಬತ್ತರ ಮುದುಕಿಯೇ ಮುಚ್ಚಳಕ್ಕೆ ಬೀಗ ಹಾಕಿರಬೇಕು ಅಂತ ನೀವು ಅಂತೀರಿ, ಗೊತ್ತು, ಎಲ್ಲರೂ ಅಂತಾರೆ. ಆ ಬಿಸ್ಕತ್ ಡಬ್ಬಿ ಈಗ ನನ್ನ ಹತ್ತಿರ ಇದೆ. ಬೀಗ, ಕೊಂಡಿ, ನಾಲ್ಕು ಸ್ಕ್ರೂ. ಡಬ್ಬಿಯ ಬಾಯಿಗೆ ವಗ್ದಿ ಸುತ್ತಿದ ಟೇಪನ್ನ ಮೊದಲು ಬಿಚ್ಚಿದ್ದು ನಾನೇ, ಹಬ್ಬ ಕಳೆದ ನಾಲ್ಕನೇ ದಿನ; ಅಲ್ಲಿವರೆಗೂ ಬೀಗ ಅದರೊಳಗೇ ಇತ್ತು. ಬೇಕಾದ್ರೆ ನಾಳೆ ಬನ್ನಿ, ತೋರಿಸ್ತೀನಿ.