ಆಚೆ ಕಾಣುವ ಕಿಟಕಿ

ಹಲೋ... ಯಾರು ಮಾತಾಡ್ತಿರೋದು?... ಯಾರು?... ಓಹೋ, ಚೀಫ್ ಸಾಹೇಬ್ರು! ನಿಮ್ಮ ನಂಬರ್ ಅಳಿಸಿಬಿಟ್ಟಿದ್ದೆ, ಗುರುತು ಸಿಗ್ಲಿಲ್ಲ. ಹೇಳಿ, ರಜಾದಲ್ಲಿರೋ ಬಡಪಾಯಿ ನೆನಪು ಹೇಗಾಯ್ತು?...

ನಿಧಾನ, ನಿಧಾನ. ಉಸಿರು ತಗೋ. ಏನು ಅಳಿಸಿಹೋಯ್ತು?... ಹಾಂ?... ಅಜ್ಜನ ಮೇಲಾ? ಅಯ್ಯೋ ಮಹಾರಾಯ, ಸ್ಟುಡಿಯೋದ ಇಡೀ ಕಾರ್ಟೂನ್ ಸಿನಿಮಾ ಕೂತಿರೋದೇ ಆ ಸರ್ವರ್ ಹೊಟ್ಟೇಲಿ! ನೀನು ಕಸ ಗುಡಿಸ್ಬೇಕಾಗಿದ್ದು ಮೊಮ್ಮಗನ ಮೇಲೆ ಅಲ್ವಾ? ಪ್ರಯೋಗಕ್ಕೆ ಅಂತ ಆ ಮಷೀನ್ ಇಟ್ಟಿರೋದು ಯಾಕೆ ಮತ್ತೆ?...

ಎಲ್ಲಾನೂ ಅಲ್ಲ, ಒಂದೇ ಫೋಲ್ಡರಾ?... ಯಾರದ್ದು ಅಂತ ಆಮೇಲೆ ಹೇಳು. ಯಾರದ್ದಾದ್ರೇನು?...

ಗೊತ್ತಪ್ಪಾ, ಗೊತ್ತು. ಅಜ್ಜಿ ಹತ್ರ ನಕಲಿದೆ. ಅಜ್ಜಿ ಸರ್ವರ್ ನೋಡ್ಕೊಳ್ಳೋನೇ ನಾನು, ನನಗೇ ಹೇಳ್ತೀಯಾ? ಗಂಟೆಗೊಮ್ಮೆ ಅಜ್ಜನ ಕಡೆ ನೋಡ್ತಾಳೆ. ಅವನು ಇಟ್ಕೊಂಡಿದ್ರೆ ತಾನೂ ಇಟ್ಕೋತಾಳೆ, ಅವನು ಬಿಸಾಕಿದ್ರೆ ತಾನೂ ಬಿಸಾಕ್ತಾಳೆ. ಪತಿವ್ರತೆ... ಹಾಂ, ಮೂರು ಗಂಟೆಗೆ. ಟೈಮಿದೆ ಇನ್ನೂ. ಪಾಸ್‌ವರ್ಡ್ ನನ್ನ ಹತ್ರ ಮಾತ್ರ ಇರೋದು, ಲ್ಯಾಪ್‌ಟಾಪ್ ಮುಂದೇನೇ ಇದೆ. ನಿಲ್ಸೋಣ ಬಿಡು. ಹೇಗಾಯ್ತು, ಅದನ್ನ ಹೇಳು ಮೊದ್ಲು...

ಕಮಾಂಡ್ ಹೊಡೆಯೋ ಟರ್ಮಿನಲ್ ಕಿಟಕಿ ಎರಡು, ಒಂದರ ಮೇಲೊಂದು... ಸರಿ... ಮುಂದಿನದು ಅಜ್ಜಂದು, ಹಿಂದಿನದು ಮೊಮ್ಮಗಂದು... ಎರಡೂ ಟ್ರಾನ್ಸ್‌ಪರೆಂಟು! ಅಂದ್ರೆ ಹಿಂದಿದ್ದ ಮಷೀನ್ ಹೆಸರು ಮುಂದೆ ಕಾಣಿಸ್ತು. ಮೊಮ್ಮಗ ಅಂತ ಓದಿ ಅಜ್ಜನ ಕತ್ತು ಕೊಯ್ದೆ. ಭಲೇ!... ನಗ್ತಿಲ್ಲಪ್ಪಾ, ಕೆಮ್ಮು.

ಅವತ್ತು ಮೀಟಿಂಗಲ್ಲಿ ನೀನು ನನಗೆ ಏನಂದಿದ್ದೆ?... ನೆನಪಿಲ್ವಾ? ನನಗಿದೆ. "ಈ ಕರಿಹಲಗೆ ಮಾಸ್ತರನ್ನ ನೋಡಿ, ಯಾವ ಕಾಲದ ಕಪ್ಪು ಸ್ಕ್ರೀನು" ಅಂದೆ. ಆಮೇಲೆ ಪಾಠ ಮಾಡ್ದೆ. ಕಿಟಕಿಗೆ ಮೆರುಗು ಕೊಡೋ ಕಾಂಪೋಸಿಟರ್ ಆನ್ ಮಾಡಿ, ಪ್ರೊಫೈಲಿಗೆ ಹೋಗಿ, ಬಣ್ಣ ಅಂತ ಇದೆಯಲ್ಲ ಅಲ್ಲಿ ಥೀಮಿನ ಟಿಕ್ ತೆಗೀರಿ, ಸ್ಲೈಡರ್ ಎಳೀರಿ, ಕಿಟಕಿ ಗಾಜಾಗುತ್ತೆ. ಮಾಲೀಕರು ಬಾಯಿ ಬಿಟ್ಕೊಂಡು ನೋಡಿದ್ರು. ಲಿನಕ್ಸ್ ಇಷ್ಟು ಚಂದ ಕಾಣುತ್ತಾ ಅಂದ್ರು. ಮುಂದಿನ ವಾರವೇ ಚೀಫ್ ಕುರ್ಚಿ ನಿನಗೆ. ಇಷ್ಟು ವರ್ಷ ಅಜ್ಜಿನ ಕಾದ ನನಗೆ? ಕರಿಹಲಗೆ ಅನ್ನೋ ಬಿರುದು. ನನ್ನ ತಂಗಿನೂ ಚಿತ್ರಕಾರರ ಸಾಲಲ್ಲಿ ಕೂತಿದ್ಲು ಕಣೋ. ಅವಳ ಮುಂದೆ ನನ್ನ ಮಾನ ತೆಗೆದೆ...

ತಮಾಷೆಗೆ ಅಂದಿದ್ದಾ? ನಾನೂ ತಮಾಷೆಗೇ ಹೇಳ್ತಿರೋದು.

ಇರು, ಅವಸರ ಮಾಡ್ಬೇಡ. ಮೊದ್ಲು ಆ ಕಿಟಕಿನ ಕಪ್ಪು ಮಾಡು, ಇಲ್ದಿದ್ರೆ ಮತ್ತೊಂದು ಎಡವಟ್ಟು ಮಾಡ್ತೀಯ. ಮಾಡೋವರೆಗೂ ನಾನು ಅಜ್ಜಿನ ಮುಟ್ಟಲ್ಲ. ಸ್ಲೈಡರ್ ಪೂರ್ತಿ ಎಡಕ್ಕೆ... ಒಂದು ಕೈಲಿ ಆಗ್ತಿಲ್ವಾ? ಫೋನ್ ಕೆಳಗಿಡು, ಎರಡೂ ಕೈಲಿ ಹಿಡ್ಕೋ ಮೌಸ್‌ನ... ಹಾಂ, ಕೇಳಿಸ್ತಿದೆ. ಇನ್ನೂ ಹಿಂದೆ ಏನೋ ಕಾಣ್ತಿದ್ಯಾ? ಏನದು?... ಡೆಸ್ಕ್‌ಟಾಪಲ್ಲಿರೋ ನಿನ್ನ ಮಗಳ ಫೋಟೋ! ಪಾಪ, ಅವಳ ಮೂಗಿನ ಮೇಲೇ ಅಳಿಸೋ ಕಮಾಂಡ್ ಹೊಡೆದಿದ್ದೀಯಲ್ಲೋ. ಎಳಿ, ಎಳಿ. ಅವಳು ಕಾಣದ ಹಾಗೆ ಆಗೋವರೆಗೂ ಎಳಿ...

ಕಪ್ಪಾಯ್ತಾ? ಈಗ ಯಾವ ಹೆಸರಿದೆ, ಜೋರಾಗಿ ಓದು... ಅಜ್ಜ. ಇನ್ನೊಂದು ಸಲ... ಅಜ್ಜ. ಕರಿಹಲಗೆ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತೆ, ಅಲ್ವಾ?...

ಯಾರದ್ದು ಅಂತ ಆಮೇಲೆ ಅಂದೆನಲ್ಲ! ಬಾಯಿ ಮುಚ್ಚು... ಬೇಡ್ಕೋತೀಯಾ? ಬೇಡ್ಕೋ. "ಕರಿಹಲಗೆ ಮಾಸ್ತರ್ರೇ, ದಯವಿಟ್ಟು" ಅನ್ನು... ಕೇಳಿಸ್ಲಿಲ್ಲ... ಹಾಂ. ಈಗ ಹೊಟ್ಟೆ ತಣ್ಣಗಾಯ್ತು.

ಟೈಮಾ? ತಾಳು ನೋಡ್ತೀನಿ... ಅಯ್ಯೋ, ಮೂರು ಹೊಡೆದೇ ಹೋಯ್ತಲ್ಲೋ! ಅಜ್ಜಿ ಶುರು ಮಾಡಿದ್ಲು. ಇಲ್ಲೇ ಕಾಣ್ತಿದೆ, ಒಂದೊಂದೇ ತೆಗೆದು ಬಿಸಾಕ್ತಿದ್ದಾಳೆ...

ನಿಲ್ಸೋದಾ? ಒಂದು ಸಾಲು ಹೊಡೆದ್ರೆ ಸಾಕಿತ್ತು. ನೀನು ಅಜ್ಜನ ಹೆಸರೆತ್ತಿದಾಗ್ಲೇ ಹೊಡೆದು ಇಟ್ಕೊಂಡಿದ್ದೆ. ಎಂಟರ್ ಒತ್ತಲಿಲ್ಲ, ಅಷ್ಟೇ. ಈಗ ಒತ್ತಿದ್ರೂ ಅರ್ಧ ಉಳೀಬಹುದೇನೋ. ಒತ್ತಲ್ಲ. ಹೋಗು, ಮಾಲೀಕರ ಹತ್ರ ಹೋಗಿ ಗಾಜು ತೋರ್ಸು...

ಅಳ್ತಿದ್ದೀಯಾ?... ನೀನಲ್ವಾ? ಮತ್ತೆ ಯಾರು ಅಳ್ತಿರೋದು?... ಸ್ಪೀಕರಿಗೆ ಹಾಕಿದ್ಯಾ? ಯಾವಾಗ?... ನಾನೇ ಹೇಳಿದ್ನಾ? ಎರಡು ಕೈ... ಹಾಂ, ಹೇಳ್ದೆ...

ಯಾರು?... ಪುಟ್ಟೀ? ನೀನ್ಯಾಕೆ ಅಲ್ಲಿ, ಚಿತ್ರಕಾರರ ರೂಮು ಆ ಕಡೆ ಅಲ್ವಾ... ನಿನ್ನ ಫೋಲ್ಡರಾ?... ಹಕ್ಕಿ ದೃಶ್ಯಗಳೆಲ್ಲಾನೂ? ವರ್ಷದಿಂದ ಬರೆದಿದ್ದು?... ಇಲ್ಲ ಪುಟ್ಟೀ, ಕೇಳು, ಅವನು ನನಗೆ ಹೇಳ್ಲೇ ಇಲ್ಲ... ಹೌದು, ಹೇಳೋಕೆ ಬಂದ. ಎರಡು ಸಲ ಬಂದ. ನಾನೇ ಬಿಡ್ಲಿಲ್ಲ... ಒತ್ತುತ್ತೀನಿ ತಂಗೀ, ಈಗ್ಲೇ... ಒತ್ತಿದೆ! ನಿಂತಿತು, ಅಜ್ಜಿ ನಿಂತ್ಲು, ಅಳ್ಬೇಡ...

ಹಾಂ, ಇದೆ, ನಿನ್ನ ಫೋಲ್ಡರ್ ಇಲ್ಲೇ ಇದೆ, ಹೆಸರು ಕಾಣ್ತಿದೆ. ತೆಗೀತೀನಿ ತಾಳು... ಒಳಗೆ... ಪುಟ್ಟೀ, ಒಳಗೆ ಏನೂ... ಇನ್ನು ಅಣ್ಣ ಅನ್ನಲ್ಲ ಅಂದ್ರೆ ಹೇಗೆ... ಫೋನ್ ಇಡ್ಬೇಡ, ಒಂದೇ ನಿಮಿಷ... ಪುಟ್ಟೀ?... ಹಲೋ?... ಹಲೋ...