ಪಕ್ಕದ್ಮನೆ ಗಾಡಿ ಎಂಜಿನ್ನು

…ಅಯ್ಯೋ, ನಾನೂ ಅದನ್ನೇ ಹೇಳ್ತಿರೋದು ಕಣಣ್ಣ! ದೊಡ್ಡ ಎಂಜಿನ್ನಂತೆ, ದೊಡ್ಡ ಎಂಜಿನ್ನು! ಯಾರು ಹೇಳಿದ್ದು, ಗಾಡಿ ಒಡತಿ ನರ್ಸಕ್ಕನಾ? ಫೋನಲ್ಲಾ? ಹೇಳ್ತಾಳೆ, ಹೇಳ್ತಾಳೆ. ಅವಳ ಬಾಯಿಗೆ ಇಲಿ ಹೊಕ್ಕರೆ ಹುಲಿ ಆಗಿ ಆಚೆ ಬರುತ್ತೆ. ಬನ್ನಿ, ಶೆಡ್ಡೊಳಗೆ ಬನ್ನಿ. ತಲೆ ಬಗ್ಗಿಸಿ… ಹಾಂ, ಹೊಡ್ಕೊಂಡ್ರಾ? ಹೇಳೋದ್ರೊಳಗೆ!

ಅವಳು ಕನ್ನಡಕದಂಗಡಿಗೆ ಹೋಗಿದಾಳೆ. ಕನ್ನಡಕ ಇಲ್ದಿದ್ರೆ ಎದುರಿಗೆ ಆನೆ ನಿಂತ್ರೂ ಕಾಣಲ್ಲ ಅವಳಿಗೆ. ‘ಗಾಡಿ ನೋಡೋಕೆ ಯಾರೋ ಬರ್ತಾರೆ, ಕೀ ಕೊಡು, ಬಾಯಿ ಮಾತ್ರ ಬಿಡಬೇಡ’ ಅಂದ್ಲು. ನನಗೆ! ನಾನೇನು ಮಾತಾಡೋ ಪೈಕಿನಾ? …ಯಾಕೆ ನಗ್ತೀರಿ?

ನೋಡಿ, ನನಗೆ ಓದು ಅಷ್ಟಕ್ಕಷ್ಟೇ. ನಾಲ್ಕನೇ ಕ್ಲಾಸಲ್ಲೇ ಮೇಷ್ಟ್ರು ಕೈ ಮುಗಿದ್ರು. ಆದ್ರೆ ಕಿವಿ ಇದೆಯಲ್ಲ! ಇವಳ ಗಂಡ, ನಾನು ಭಾವ ಅಂತಿದ್ದೆ, ಪಾಪ, ಹೋಗ್ಬಿಟ್ಟ, ಇಂಥ ಪುಟ್ಟ ಕಾರುಗಳಿಗೇ ಡಾಕ್ಟ್ರು ಅವನು. ಇಲ್ಲೇ ನಿಂತು ಬಂದೋರಿಗೆಲ್ಲ ಪಾಠ ಮಾಡ್ತಿದ್ದ. ನಾನು ಗೋಡೆ ಆಚೆ ಬಟ್ಟೆ ಒಣಹಾಕ್ತಾ ಪಾಸಾದೆ. ಈ ಕಾರಿಗೆ ಚಿಕ್ಕ ಎಂಜಿನ್ನೂ ಬರ್ತಿತ್ತು, ದೊಡ್ಡದೂ ಬರ್ತಿತ್ತು. ಬೆಲೆ ಇರೋದು ದೊಡ್ಡದಕ್ಕೇ. ಮೇಲಿಂದ ನೋಡಿದ್ರೆ ಅಕ್ಕ-ತಂಗಿ ಥರ, ಗುರುತು ಹತ್ತಲ್ಲ. ಗೇರ್‌ಪೆಟ್ಟಿಗೆ ಎಂಜಿನ್ ಹೊಟ್ಟೆ ಕೆಳಗೇ. ಇಬ್ಬರಿಗೂ ಒಂದೇ ಎಣ್ಣೆ! ಅತ್ತೆ-ಸೊಸೆ ಒಂದೇ ಒಲೇಲಿ ಬೇಯಿಸ್ದಂಗೆ. ಒಬ್ಬಳು ಕೆಟ್ರೆ ಇನ್ನೊಬ್ಬಳೂ ಹಾಳು.

ಬಾನೆಟ್ ಎತ್ತಿ. ಆ ಕಡ್ಡಿ ಸಿಗಿಸಿ. ಅಲ್ಲಿ ಸಣ್ಣ ತಗಡಿನ ಪಟ್ಟಿ ಕಾಣ್ತಿದ್ಯಾ? ಅದೇ ಎಂಜಿನ್ ನಂಬರ್ ಪಟ್ಟಿ. ಓದಿ… ಚಿಕ್ಕ ಎಂಜಿನ್ ನಂಬರಲ್ವಾ? ನಾನೇನಂದೆ! ತಗಡು ಸುಳ್ಳು ಹೇಳಲ್ಲಣ್ಣ, ನರ್ಸಕ್ಕ ಹೇಳ್ತಾಳೆ. ಮೊನ್ನೆ ಬಂದೋರೂ ಇದನ್ನೇ ನೋಡಿ ತಿರುಗಿ ಕೂಡ ನೋಡ್ದೆ ಹೋದ್ರು. ನೀವೂ ಹೊರಡಿ, ಬಿಸಿಲು ಏರುತ್ತೆ.

ನನಗೇನು ಲಾಭ ಅಂತೀರಾ? ಏನೂ ಇಲ್ಲ! ಈ ಗಾಡಿ ಮಾರಾಟ ಆದ್ರೆ ಸಾಕು, ಮನೆ ಖಾಲಿ ಮಾಡಿ ತಂಗಿ ಊರಿಗೆ ಹೋಗ್ತಾಳಂತೆ. ಅಲ್ಲೀವರೆಗೂ ಹೋಗಲ್ವಂತೆ, ಗಂಡ ಸಾಕಿದ ಗಾಡಿನ ಗುಜರಿಗೆ ಬಿಟ್ಟು ಹೋದ್ರೆ ಅನ್ನ ಇಳಿಯಲ್ವಂತೆ. ಹೋಗ್ಲಿ ಬಿಡಿ! ಪೀಡೆ ತೊಲಗುತ್ತೆ! ಬೆಳಗಾದ್ರೆ ನನ್ನ ನಲ್ಲಿ ಯಾಕೆ ತೊಟ್ಟಿಕ್ಕುತ್ತೆ ಅಂತ ಜಗಳ. ಸಂಜೆ ಆದ್ರೆ ಬೀಪಿ ನೋಡ್ತೀನಿ ಅಂತ ಬಂದು, ಕೈಗೆ ಪಟ್ಟಿ ಸುತ್ತಿ, ‘ಮತ್ತೆ ಉಪ್ಪು ತಿಂದ್ಯಾ ಕತ್ತೆ?’ ಅಂತ ಬೈಗುಳ. ಕತ್ತೆ ಅಂತಾಳೆ ನನ್ನ! ಅವಳು ಹೋದ್ಮೇಲೆ ನಾನು ಆರಾಮಾಗಿ… ಆರಾಮಾಗಿ ಕೂತು ಉಪ್ಪು ತಿಂತೀನಿ.

…ಟಾರ್ಚ್ ಯಾಕೆ? ಪಟ್ಟಿ ಓದಿದ್ರಲ್ಲ! ಅಯ್ಯೋ, ನೆಲದ ಮೇಲೆ ಮಲಗ್ಬೇಡಿ, ಅಂಗಿ ಗಲೀಜಾಗುತ್ತೆ! ಎಂಜಿನ್ ಹಿಂದೆ ಏನಿದೆ ನೋಡೋಕೆ? …ಮುಚ್ಚಳಾನಾ? ಯಾವ ಮುಚ್ಚಳ? ಚಿಕ್ಕ ಎಂಜಿನ್ನಿಗೆ ಪಕ್ಕದಲ್ಲಿ ಎರಡು ತಗಡಿನ ಮುಚ್ಚಳ ಇರ್ಲೇಬೇಕಾ? ಇದಕ್ಕೆ ಇಲ್ವಾ? …ಬಿದ್ದುಹೋಗಿರ್ಬೇಕು! ಮುಚ್ಚಳ ತಾನೇ, ನಮ್ಮನೆ ಡಬ್ಬಿಗಳಲ್ಲಿ ಒಂದಕ್ಕೂ ಇಲ್ಲ… ಏನಂದ್ರಿ, ಮುಚ್ಚಳ ಕೂರೋ ತೂತೇ ಇಲ್ವಾ. ಗೋಡೆ ಥರ ಸಪಾಟಾ. ಹ್ಞೂಂ… ಭಾವ ಇದನ್ನ ಯಾವತ್ತೂ ಹೇಳಿರ್ಲಿಲ್ವಲ್ಲ. ಅವತ್ತು ನಾನು ಬಟ್ಟೆ ಒಗೆದಿರ್ಲಿಲ್ಲ ಅನ್ಸುತ್ತೆ.

ಸರಿ, ಎಂಜಿನ್ ಬಿಡಿ. ಗೇರ್‌ಪೆಟ್ಟಿಗೆ ಮಾತ್ರ ಹಳೇ ಕಾಲದ್ದೇ, ನನ್ನಾಣೆ! ಗಾಡಿ ಉರುಳ್ತಾ ಇರುವಾಗ ಒಂದನೇ ಗೇರಿಗೆ ಹಾಕಿದ್ರೆ ಕಿರುಚ್ಕೊಳುತ್ತೆ, ಬಾಲ ತುಳಿದ ಬೆಕ್ಕಿನ ಥರ. ಆಮೇಲೆ ಬಂದ ಪೆಟ್ಟಿಗೆಗಳು ಬೆಣ್ಣೆ ಅಣ್ಣ, ಬೆಣ್ಣೆ. ಇದು ಬೆಕ್ಕು. ಬೇಕಾದ್ರೆ ನೀವೇ ಓಡ್ಸಿ… ಅಯ್ಯೋ, ನಿಜವಾಗ್ಲೂ ಕೂತೇಬಿಟ್ರಾ? ಮಾತಿಗಂದೆ! ನಿಧಾನ, ನಿಧಾನ, ನನ್ನ ಹೂಕುಂಡ! …

ಹಾಕಿದ್ರಾ? ಒಂದನೇದೇನಾ?

ಕಿರುಚ್ಲಿಲ್ಲ.

…ಇವತ್ತು ಅದರ ಮನಸ್ಸು ಚೆನ್ನಾಗಿದೆ.

ಇಳಿದು ಬನ್ನಿ. ಮತ್ತೆ ಯಾಕೆ ಬಾನೆಟ್ಟು? ಆ ಪಟ್ಟಿನೇ ಯಾಕೆ ಸವರ್ತೀರಿ? ನಾನು ಮುಟ್ಟಿಲ್ಲಪ್ಪ! …ಹೌದು, ನೀವು ಕೇಳ್ಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ನೋಡ್ಕೊಳ್ಳಿ! ಸ್ಕ್ರೂ ಇದ್ರೆ ತಪ್ಪಾ? ಎಲ್ಲಾ ಗಾಡಿಗೂ ಅಲ್ಲಿ ಬಿಚ್ಚೋಕಾಗದ ರಿವೆಟ್ಟೇ ಹೊಡೆದಿರ್ತಾರಾ? ಇರ್ಲಿ, ಈ ಗಾಡಿಗೆ ಸ್ಕ್ರೂ. ಒಂದೊಂದು ಗಾಡಿ ಒಂದೊಂದು ಥರ… ಹೊಳೀತಿದ್ಯಾ? ಹೊಸದು ಅಂದ್ರೆ ಹೊಳೆಯುತ್ತೆ. ಅಲ್ಲ, ಹಳೇದೇ. ಒರೆಸಿದೀನಿ. ಅಂದ್ರೆ… ಅವಳು ಒರೆಸಿರ್ಬೇಕು.

ಅಯ್ಯೋ, ಪಟ್ಟಿ ಬಿಟ್ಟು ನನ್ನ ಯಾಕೆ ನೋಡ್ತೀರಿ ಮಾರಾಯ್ರೇ?

ಬೈಯಿರಿ ಬೇಕಾದ್ರೆ. ಹೀಗೆ ನೋಡ್ಬೇಡಿ. ಪೋಲೀಸ್‌ನೋರೂ ಹೀಗೆ ನೋಡಲ್ಲ.

…ಭಾವನ ಡಬ್ಬೀಲಿ ಇಂಥ ಪಟ್ಟಿಗಳು ಬೇಕಾದಷ್ಟಿದ್ವು. ನನ್ನ ಕತ್ರಿ ಮುರೀತು ಆ ರಿವೆಟ್ಟು ಕೀಳೋಕೆ. ಹಳೇ ಪಟ್ಟಿ ಬಿಸಾಕಿಲ್ಲ, ಇಲ್ಲೇ ಅದೇ ಡಬ್ಬೀಲಿ ಜೋಪಾನವಾಗಿದೆ… ಕೇಳಿ, ಮಾರಬೇಡ ಅಂತ ನಾನಂದಿಲ್ಲ. ಒಂದು ವರ್ಷ ತಡ ಆಗ್ಲಿ ಅಂತ. ಆರು ತಿಂಗಳು. ತಂಗಿಗೆ ಏನವಸರ? ಅಲ್ಲಿ ಇವಳಿಗೆ ಜಗಳ ಆಡೋಕೆ ಯಾರಿದಾರೆ? ತಂಗಿ ದೇವರಂಥೋಳು, ತಿರುಗಿ ಒಂದು ಮಾತಾಡಲ್ಲ. ಇವಳು ಸತ್ತೇಹೋಗ್ತಾಳೆ ಅಲ್ಲಿ! ಇವಳು… ಹ್ಞೂಂ. ಇವಳೇ, ನಾನಲ್ಲ.

ಚಿಕ್ಕ ಎಂಜಿನ್ನು ಅಂತ ಹೇಳಿ ಹೋಗ್ಬಿಡಿ. ನಿಮಗೇನು ಕಮ್ಮಿ, ಲೋಕದಲ್ಲಿ ಬೇರೆ ಗಾಡಿ ಇಲ್ವಾ? …ಅಣ್ಣಾ?

ಗೇಟು. ಅವಳೇ.

ಚಿಕ್ಕದು ಅನ್ನಲ್ವಾ? ಒಂದೇ ಒಂದು ಮಾತು? …ಇದ್ಯಾಕೆ ಸ್ಕ್ರೂಡ್ರೈವರ್ ಚಾಚ್ತೀರಿ ನನ್ನ ಕಡೆ? ನಾನಾ? ಈಗ್ಲಾ?

…ಕೊಡಿ. ಟಾರ್ಚ್ ಈ ಕಡೆ ಹಿಡೀರಿ. ಅಲ್ಲಲ್ಲ, ನನ್ನ ಮುಖಕ್ಕಲ್ಲ!

ಬಂದ್ಯಾ ಅಕ್ಕ? ಅಲ್ಲೇ ಇರೇ, ಒಳಗೆ ಬರಬೇಡ! ಏನಿಲ್ಲ, ಗಾಡಿ ನೋಡ್ತಿದಾರೆ… ಚೆನ್ನಾಗಿದೆಯಂತೆ… ಹ್ಞೂಂ, ದೊಡ್ಡದೇ ಅಂತೆ… ಅಯ್ಯೋ, ನಿಂತ್ಕೊಳೇ ಸ್ವಲ್ಪ ಹೊತ್ತು! ಏನವಸರ ನಿನಗೆ?

ಇನ್ನೂ ಒಂದು ಸ್ಕ್ರೂ ಇದೆ.